ಇಪ್ಪತ್ತನಾಲ್ಕನೆಯ ಕಿಟಕಿ

ಬೆಳಗಿನ ಮೊದಲ ಬಸ್ಸು ಎಗ್‌ಮಟ್ಟನ್ ಊರಿನ ಅಂಚೆ ಕಚೇರಿಯ ಮುಂದೆ ಬಂದು ನಿಂತಾಗ ಇನ್ನೂ ಕತ್ತಲೆ. ಇಳಿಯುವವರು ಒಬ್ಬರೇ, ಓಡಿಲಾ ಬುಮಾನ್. ಡಿಸೆಂಬರ್ ಇಪ್ಪತ್ತನಾಲ್ಕರ ಚಳಿ ಮೂಗಿನ ತುದಿಯನ್ನು ಕಚ್ಚುತ್ತಿದೆ. ಅವರು ಮಫ್ಲರನ್ನು ಕಿವಿಗೆ ಸುತ್ತಿಕೊಂಡು, ಕಲ್ಲಾಗಿರುವ ಹಿಮದ ಮೇಲೆ ಬೂಟು ಊರಿ ಊರಿ ಚರ್ಚಿನ ಕಡೆಗೆ ಹತ್ತುತ್ತಾರೆ. ಕೋಟಿನ ಜೇಬಿನಲ್ಲಿ ಮೂವತ್ತೊಂದು ಮನೆಗಳ ಬೀಗದ ಕೈಗಳಿವೆ. ಅದರಲ್ಲಿ ಒಂದು ಮನೆಯೂ ಅವರದಲ್ಲ.

ಚರ್ಚಿನ ಪಕ್ಕದ ಮರದ ಮನೆಯ ಬಾಗಿಲಿಗೆ 'ಮುರ್ಮೆಲಿ' ಎಂಬ ಫಲಕ ನೇತಾಡುತ್ತಿದೆ. ಚಳಿಗಾಲವಿಡೀ ಬಿಲದೊಳಗೆ ನಿದ್ದೆ ಹೊಡೆಯುವ ನಮ್ಮ ಬೆಟ್ಟದ ಪ್ರಾಣಿಯ ಹೆಸರು ಅದು. ಈ ಮನೆಯವರ ಪದ್ಧತಿ ಅದಕ್ಕೆ ತದ್ವಿರುದ್ಧ. ವರ್ಷವಿಡೀ ನಾಪತ್ತೆ, ಚಳಿಗಾಲದಲ್ಲಿ ಹತ್ತು ದಿನ ಮಾತ್ರ ಹಾಜರು. ಓಡಿಲಾ ಬೀಗ ತೆಗೆದು ಒಳಗೆ ಹೋಗುತ್ತಾರೆ. ದೀಪ ಹಾಕುವುದಕ್ಕೆ ಗೋಡೆ ತಡಕುವುದಿಲ್ಲ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅವರು ಹುಟ್ಟಿದ್ದು ಈ ಮನೆಯಲ್ಲೇ.

ಮೇಲಂತಸ್ತಿನ ಕೋಣೆಯ ಮೂಲೆಯಲ್ಲಿ ಬಳಪದ ಕಲ್ಲಿನ ಒಲೆ ಕೂತಿದೆ. ಆಳೆತ್ತರದ ಒಲೆ, ಮೈಮೇಲೆ ಅಜ್ಜನ ಹೆಸರಿನ ಮೊದಲಕ್ಷರಗಳ ಕೆತ್ತನೆ. ಬೆಳಿಗ್ಗೆ ಹದವಾಗಿ ಹಚ್ಚಿದರೆ ಸಂಜೆಗೆ ಕಲ್ಲು ಕಾದು, ಮರುದಿನ ಬೆಳಗಿನವರೆಗೂ ಮನೆ ಬೆಚ್ಚಗಿರುತ್ತದೆ. ಓಡಿಲಾ ಬೂದಿ ತೆಗೆದು, ಒಲೆ ಒರೆಸಿ, ಸೌದೆ ಜೋಡಿಸುತ್ತಾರೆ. ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಈ ಸಲ ನಾನು ಹಚ್ಚಬಾರದಂತೆ. ಯಜಮಾನ್ರು ತಾವೇ ಹಚ್ತಾರಂತೆ. ಮಕ್ಕಳಿಗೆ ಅದೊಂದು ಮಜಾ ಅಂತೆ" ಎಂದು ಹೇಳಿ, ಹೊಗೆಗೂಡಿನ ತಗಡಿನ ಮುಚ್ಚಳವನ್ನು ಎಳೆದು ಮುಚ್ಚುತ್ತಾರೆ. ಆರಿದ ಒಲೆಗೆ ಮೇಲಿನಿಂದ ಚಳಿಗಾಳಿ ಇಳಿಯಬಾರದೆಂದು ಅವರ ತಾಯಿ ಹಾಗೆ ಮಾಡುತ್ತಿದ್ದರು. ಈ ಮನೆಯಲ್ಲಿ ಹುಟ್ಟಿದವರೆಲ್ಲರೂ ಹಾಗೆಯೇ ಮಾಡುತ್ತಾರೆ.

ಓಡಿಲಾ ಅವರಿಗೆ ಐವತ್ತೆಂಟು ವರ್ಷ. ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಊರಿನವರು 'ಮನೆ ಕಾಯಿಸುವವಳು' ಅನ್ನುತ್ತಾರೆ. ಖಾಲಿ ಮನೆಗಳನ್ನು ನಮ್ಮಲ್ಲಿ 'ತಣ್ಣನೆಯ ಹಾಸಿಗೆ' ಅನ್ನುವುದು ವಾಡಿಕೆ, ಆ ಹಾಸಿಗೆಗಳನ್ನು ಬಿಸಿ ಮಾಡುವುದು ಇವರ ಪಾಡು. ಯಜಮಾನರು ಬರುವ ಮುಂಚೆ ಮನೆ ಬೆಚ್ಚಗಾಗಿರಬೇಕು, ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿರಬಾರದು, ಹಾಸಿಗೆಯ ಮೇಲುಹಾಸು ಗರಿಗರಿ ಇರಬೇಕು, ಮೆಟ್ಟಿಲ ಮೇಲಿನ ಹಿಮ ಸಲಿಕೆಯಿಂದ ಬಳಿದಿರಬೇಕು. ಕ್ರಿಸ್ಮಸ್ ವಾರದಲ್ಲಿ ದಿನಕ್ಕೆ ಏಳೆಂಟು ಮನೆ. ಸಂಜೆ ಕೊನೆಯ ಬಸ್ಸಿಗೆ ಕೆಳಗಿನ ಪಟ್ಟಣಕ್ಕೆ ವಾಪಸ್ಸು. ಅಲ್ಲಿ ರೈಲು ಹಳಿಯ ಪಕ್ಕ ಒಂದು ಬಾಡಿಗೆ ಕೋಣೆ, ಅದರ ಕಿಟಕಿ ಎದುರಿನ ಗೋದಾಮಿನ ಗೋಡೆಗೆ ತೆರೆದುಕೊಳ್ಳುತ್ತದೆ.

ಮುರ್ಮೆಲಿಯ ಯಜಮಾನರು ಜ್ಯೂರಿಕ್‌ನ ಹಲ್ಲಿನ ಡಾಕ್ಟರು, ಎಗ್ಲೋಫ್ ಎಂದು ಹೆಸರು. ಅವರ ಸ್ಕೀ ಪ್ರವಾಸದ ತಯಾರಿ ಶುರುವಾಗುವುದು ಆಗಸ್ಟಿನಲ್ಲಿ, ಇಲ್ಲಿ ನಾವು ಹುಲ್ಲು ಒಣಗಿಸುವ ಹೊತ್ತಿಗೆ. ಯಾವ ವಾರ ಹಿಮ ಖಾತರಿ? ಸಣ್ಣವಳಿಗೆ ಸ್ಕೀ ಕಲಿಸಲು ತಾಳ್ಮೆಯ ಮೇಷ್ಟ್ರು ಸಿಗುತ್ತಾರೆಯೇ? ಬೂಟುಗಳು ಬೆಳಿಗ್ಗೆ ಹಾಕಿಕೊಳ್ಳುವಾಗ ಬೆಚ್ಚಗಿರುತ್ತವೆಯೇ? ನವೆಂಬರ್ ಬಂತೆಂದರೆ ವಾರಕ್ಕೊಂದು ಫೋನು, ಇಳಿಜಾರಿನ ಬುಡದವರೆಗೂ ಹಿಮ ಬಿದ್ದಿದೆಯೇ ಎಂದು.

"ಚೀಸು ತರಿಸಿಡು ಅಂದಷ್ಟೇ ಸಲೀಸಾಗಿ ಹಿಮ ಇರ್ಲಿ ಅಂತಾರೆ" ಎಂದು ಓಡಿಲಾ ನಗುತ್ತಾರೆ. "ಇಲ್ಲ ಅಂದ್ರೆ ನಾನೇ ಬಚ್ಚಿಟ್ಟಿದೀನೇನೋ ಅನ್ನೋ ಹಾಗೆ ಸುಮ್ಮನಾಗ್ತಾರೆ."

ಮನೆ ಕೈಬಿಟ್ಟ ಕಥೆ ದೊಡ್ಡದೇನಲ್ಲ, ಈ ಕಣಿವೆಯಲ್ಲಿ ಎಷ್ಟೋ ಮನೆಗಳದ್ದು ಅದೇ ಕಥೆ. ಅಪ್ಪ ತೀರಿಕೊಂಡ ಮೇಲೆ ತಮ್ಮ ಸೆವೆರಿನ್ ಪಾಲು ಕೇಳಿದ. ಪ್ರವಾಸಿಗಳಿಂದ ಬೆಲೆ ಮುಗಿಲು ಮುಟ್ಟಿತ್ತು, ಅವನ ಪಾಲು ಕೊಟ್ಟು ಮನೆ ಉಳಿಸಿಕೊಳ್ಳುವ ತಾಕತ್ತು ಓಡಿಲಾಗಿರಲಿಲ್ಲ. ಮಾರಿದರು. ಸೆವೆರಿನ್ ಬರ್ನ್‌ಗೆ ಹೋಗಿ ನೆಲೆಸಿದ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನುತ್ತಾರಲ್ಲ, ಇಲ್ಲಿ ಹಾವು ಗೆದ್ದಲನ್ನೇ ಹುತ್ತ ಗುಡಿಸುವ ಕೆಲಸಕ್ಕೆ ಇಟ್ಟುಕೊಂಡಿತು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಉರಿಯಲಿ.

ಆದರೆ ಓಡಿಲಾ ಎಲೆಮರೆಯ ಕಾಯಿ ಆಗಿರುವುದು ಈ ಕೆಲಸಕ್ಕಲ್ಲ, ಯಾರೂ ಒಪ್ಪಿಸದ ಇನ್ನೊಂದು ಕೆಲಸಕ್ಕೆ.

ಡಿಸೆಂಬರ್ ಒಂದರಿಂದ ಕ್ರಿಸ್ಮಸ್ ಹಿಂದಿನ ಸಂಜೆಯವರೆಗೆ ನಮ್ಮೂರಲ್ಲಿ ದಿನಕ್ಕೊಂದು ಮನೆ ತನ್ನ ಕಿಟಕಿಯನ್ನು ಸಿಂಗರಿಸಿ ತೆರೆಯುತ್ತದೆ. ಗಾಜಿಗೆ ಆ ದಿನದ ಸಂಖ್ಯೆ, ಒಳಗೆ ದೀಪ. ಸಂಜೆ ಆರಕ್ಕೆ ಊರು ಆ ಕಿಟಕಿಯ ಕೆಳಗೆ ಸೇರಿ ಹಾಡುತ್ತದೆ, ಸೂಪು ಕುಡಿಯುತ್ತದೆ, ವರ್ಷದ ಜಗಳಗಳನ್ನು ಅಲ್ಲೇ ಮುಗಿಸಿಕೊಳ್ಳುತ್ತದೆ. ಓಡಿಲಾ ಹುಡುಗಿಯಾಗಿದ್ದಾಗ ಕಿಟಕಿಗಾಗಿ ಚೀಟಿ ಎತ್ತಬೇಕಿತ್ತು, ಅಷ್ಟು ಪೈಪೋಟಿ. ಇಪ್ಪತ್ತನಾಲ್ಕು ಮಾತ್ರ ಯಾವಾಗಲೂ ಚರ್ಚಿನ ಪಕ್ಕದ ಬುಮಾನರ ಮನೆಗೆ. ಈಗ ಚಳಿಗಾಲದಲ್ಲಿ ಒಲೆ ಉರಿಯುವ ಸ್ವಂತ ಮನೆಗಳು ಹದಿನಾಲ್ಕು. ಮಿಕ್ಕ ಹತ್ತು ಕಿಟಕಿಗಳನ್ನು ಎಲ್ಲಿಂದ ತರುವುದು?

ಬೀಗದ ಕೈಗಳು ಓಡಿಲಾ ಹತ್ತಿರ ಇದ್ದವು. ಎಂಟು ವರ್ಷದಿಂದ ಅವರು ಖಾಲಿ ಮನೆಗಳ ಕಿಟಕಿಯಲ್ಲಿ ಕಾಗದದ ನಕ್ಷತ್ರ ಅಂಟಿಸಿ, ಬ್ಯಾಟರಿ ದೀಪ ಇಟ್ಟು, ಊರಿನ ಲೆಕ್ಕ ತುಂಬಿಸುತ್ತಿದ್ದಾರೆ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ಸತ್ತೋರ ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಅಂತ ನಾನೇ ರೇಗಿಸ್ತಿದ್ದೆ" ಎನ್ನುತ್ತಾರೆ ಬೇಕರಿಯ ಥಿಯೋಡುಲ್, ಓಡಿಲಾರ ಶಾಲೆಯ ಗೆಳೆಯ. "ಆದ್ರೆ ಆರು ಗಂಟೆಗೆ ಮೊದಲು ಬಂದು ನಿಲ್ತಿದ್ದೋನೂ ನಾನೇ."

ಹೋದ ವರ್ಷ ಯಾರೋ ಪ್ರವಾಸಿ ಮುರ್ಮೆಲಿಯ ಕಿಟಕಿಯ ಚಿತ್ರ ತೆಗೆದು ಫೋನಿನಲ್ಲಿ ಊರಿಗೆಲ್ಲ ಹಂಚಿದ. ಅದು ಜ್ಯೂರಿಕ್ ತಲುಪಿತು. ಡಾಕ್ಟರು ಕೂಗಾಡಲಿಲ್ಲ, ಅವರು ಬಹಳ ಸಭ್ಯರು. ನಮ್ಮ ಮನೆಯನ್ನು ನಮ್ಮನ್ನು ಕೇಳದೆ ಬಳಸಬೇಡಿ ಎಂದರಷ್ಟೆ. ಈ ವರ್ಷ ಕುಟುಂಬ ಇಪ್ಪತ್ತನಾಲ್ಕರ ಸಂಜೆಗೇ ಬರುವುದೆಂದು ಗೊತ್ತಾದಾಗ ಓಡಿಲಾ ಧೈರ್ಯ ಮಾಡಿ ಫೋನಿನಲ್ಲಿ ಕೇಳಿದರು.

"ಒಂದೇ ಒಂದು ದೀಪ ಇಡೋದು ಡಾಕ್ಟ್ರೇ. ಆರು ಗಂಟೆಗೆ. ನೀವೂ ಮಕ್ಕಳೂ ಕೆಳಗೆ ಬನ್ನಿ, ಸೂಪ್ ನಾನು ಮಾಡ್ತೀನಿ."

"ಫ್ರಾವ್ ಬುಮಾನ್, ನಾವು ಅಲ್ಲಿಗೆ ಬರೋದೇ ಮೌನಕ್ಕೋಸ್ಕರ" ಎಂದರಂತೆ. "ಬಂದ ದಿನವೇ ಗಲಾಟೆ ಬೇಡ. ಮುಂದೆ ನೋಡೋಣ."

ಸಂಜೆ ಆರು. ಮುರ್ಮೆಲಿಯ ಮುಂದೆ ಇಪ್ಪತ್ತೈದು ಮೂವತ್ತು ಜನ ಬಂದು ನಿಂತಿದ್ದಾರೆ. ಕಿಟಕಿ ತೆರೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಕಾಲು ಕೇಳಬೇಕಲ್ಲ? ಇಪ್ಪತ್ತನಾಲ್ಕರ ಸಂಜೆ ಈ ಊರಿನ ಕಾಲು ಬೇರೆ ಕಡೆ ಹೋಗಿದ್ದೇ ಇಲ್ಲ. ಓಡಿಲಾ ಸೂಪಿನ ಹಂಡೆಯ ಪಕ್ಕ ಸೌಟು ಹಿಡಿದು ನಿಂತಿದ್ದಾರೆ. ಮೇಲೆ ಕಿಟಕಿಯಲ್ಲಿ ಬೆಳಕಿದೆ, ಪರದೆ ಎಳೆದಿದೆ.

"ಹಾಡೋಣ್ವಾ?" ಎಂದು ಒಬ್ಬರು.

"ಮುಚ್ಚಿದ ಕಿಟಕಿಗೆ ಹಾಡ್ತಾರೇನೋ? ಅದು ಭಿಕ್ಷೆ ಬೇಡಿದ ಹಾಗಾಗುತ್ತೆ" ಎನ್ನುತ್ತಾರೆ ಥಿಯೋಡುಲ್. "ಓಡಿಲಾ, ಸೂಪ್ ಬಡಿಸು. ಕುಡಿದು ಮನೆಗೆ ಹೋಗೋಣ."

ಅಷ್ಟರಲ್ಲಿ ಪರದೆ ಸರಿಯಿತು. ಕಿಟಕಿಯ ಎರಡೂ ಬಾಗಿಲು ದಡಾರನೆ ತೆರೆದುಕೊಂಡವು. ಕೆಳಗಿದ್ದವರು ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಆರು ಗಂಟೆ, ಇಪ್ಪತ್ತನಾಲ್ಕರ ಕಿಟಕಿ, ತೆರೆದಿದೆ. ಇನ್ನೇನು ಬೇಕು? ಹಿಂದಿನ ಸಾಲಿನ ಅಜ್ಜಿಯೊಬ್ಬರು ಹಾಡು ಎತ್ತಿಕೊಂಡರು, ಊರು ಸೇರಿಕೊಂಡಿತು. ಓಡಿಲಾ ಬರೀ ತುಟಿ ಆಡಿಸಿದರು.

ಮೊದಲ ಚರಣ ಮುಗಿಯುವ ಹೊತ್ತಿಗೆ ಕಿಟಕಿಯಿಂದ ಹೊಗೆ ಹೊರಗೆ ಬರತೊಡಗಿತು. ಹಿಂದೆಯೇ ಡಾಕ್ಟರ ತಲೆ, ಕಣ್ಣು ಮೂಗೆಲ್ಲ ನೀರು.

"ನಿಲ್ಲಿಸಿ! ಫ್ರಾವ್ ಬುಮಾನ್ ಇದ್ದಾರಾ ಅಲ್ಲಿ? ಒಲೆ... ಮಕ್ಕಳಿಗೆ ಉಸಿರು ಕಟ್ತಿದೆ!"

ಓಡಿಲಾ ಸೌಟನ್ನು ಹಂಡೆಯೊಳಗೆ ಬಿಟ್ಟು ಓಡಿದರು. ಮಕ್ಕಳನ್ನು ಕೆಳಗೆ ಕಳಿಸಿ, ಮುಸುಕು ಕಟ್ಟಿಕೊಂಡು, ಹೊಗೆಗೂಡಿನ ಮುಚ್ಚಳ ಎಳೆದು ತೆರೆದರು. ಬೆಳಿಗ್ಗೆ ತಾವೇ ಮುಚ್ಚಿದ್ದ ಮುಚ್ಚಳ. ಅರ್ಧ ಉರಿದ ದಪ್ಪ ಸೌದೆಗಳನ್ನು ಹೊರಗೆಳೆದು, ಚಕ್ಕೆಪುರಳೆ ಹಾಕಿ, ಸಣ್ಣಗೆ ಹೊತ್ತಿಸಿದರು. ಹೊಗೆ ಮೇಲೆ ಹತ್ತಿತು. ಆಮೇಲೆ ಅವರು ತಿರುಗಿ ಕಿಟಕಿಯ ಹತ್ತಿರ ಬಂದು ನಿಂತರು. ಕೆಳಗೆ ಊರೆಲ್ಲ ತಲೆಯೆತ್ತಿ ನೋಡುತ್ತಿತ್ತು. ಯಾರೋ ಎರಡನೆಯ ಚರಣ ಶುರು ಮಾಡಿದರು.

"ಚಳಿ ಬರ್ತಿದೆ" ಎಂದು ಡಾಕ್ಟರು ಅವರ ಭುಜದ ಪಕ್ಕದಿಂದ ಕೈ ಚಾಚಿ ಕಿಟಕಿ ಮುಚ್ಚಿದರು. ಹಾಡು ನಡುವಿನಲ್ಲೇ ನಿಂತಿತು. "ನೀವು ಆ ಮುಚ್ಚಳ ಯಾಕೆ ಮುಚ್ಚಿಟ್ರಿ?"

"ಅಭ್ಯಾಸ ಡಾಕ್ಟ್ರೇ. ತಪ್ಪಾಯ್ತು."

"ಹೇಳ್ಬೇಕಿತ್ತು ನೀವು."

"ಹೌದು, ಹೇಳ್ಬೇಕಿತ್ತು" ಎಂದರು ಓಡಿಲಾ. ಬೂದಿ ಬಿದ್ದಿದ್ದ ನೆಲ ಒರೆಸಿ ಇಳಿದು ಬಂದಾಗ ಹೊರಗೆ ಥಿಯೋಡುಲ್ ಒಬ್ಬರೇ ಹಂಡೆ ಕಾಯುತ್ತಿದ್ದರು. ಓಡಿಲಾ ಮುಚ್ಚಳದ ವಿಷಯ ಹೇಳಿದರು.

"ನಿಜ ಹೇಳು, ಬೇಕಂತಲೇ ಮುಚ್ಚಿದ್ಯಾ?"

"ಥೂ, ಮಕ್ಕಳಿರೋ ಮನೆ ಕಣೋ ಅದು! ಆ ಒಲೆ ಹಚ್ಚೋ ಕೈಗೆ ಮುಚ್ಚಳ ತೆಗೆಯೋದು ಗೊತ್ತೇ ಇರುತ್ತೆ ಅಂದ್ಕೊಂಡ್ಬಿಟ್ಟೆ. ಅವರಿಗೆ ಅದು ಗೊತ್ತಿರಲ್ಲ ಅನ್ನೋದು ತಲೆಗೇ ಬರ್ಲಿಲ್ಲ."

ಇಂಥ ತಪ್ಪು ಆ ಮನೆಯಲ್ಲಿ ಹುಟ್ಟಿದವರಿಂದ ಮಾತ್ರ ಸಾಧ್ಯ. ಮಾರಿ ಇಷ್ಟು ವರ್ಷವಾದರೂ ಓಡಿಲಾರ ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಹಬ್ಬ ಕಳೆದ ಮೇಲೆ ಡಾಕ್ಟರು ಬೀಗದ ಕೈ ವಾಪಸ್ಸು ಕೇಳಿದರು. ಮುಂದಿನ ಸಲದಿಂದ ಪಟ್ಟಣದ ಒಂದು ಏಜೆನ್ಸಿ ನೋಡಿಕೊಳ್ಳುತ್ತದಂತೆ. ಸಭ್ಯವಾಗಿಯೇ ಕೇಳಿದರು, ಚಾಕೊಲೇಟ್ ಡಬ್ಬಿಯನ್ನೂ ಕೊಟ್ಟರು. ಡಬ್ಬಿ ಈಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಓಡಿಲಾರ ಪಕ್ಕದಲ್ಲಿದೆ, ಬಿಚ್ಚಿಲ್ಲ. ಇಳಿಜಾರಿನಲ್ಲಿ ಕೃತಕ ಹಿಮ ಚಿಮ್ಮುವ ಯಂತ್ರದ ತೋಪುಗಳು ಭೋರ್ಗರೆಯುತ್ತಿವೆ, ಮುಂದಿನ ವಾರ ಬರುವವರಿಗಾಗಿ.

ಬರುವ ಡಿಸೆಂಬರಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಓಡಿಲಾ ಮೊದಲು ತಮಾಷೆ ಮಾಡುತ್ತಾರೆ: "ಇಪ್ಪತ್ಮೂರಕ್ಕೇ ಕ್ರಿಸ್ಮಸ್ ಮಾಡ್ಕೊಳ್ಳೋದು. ಯೇಸು ಬೇಜಾರು ಮಾಡ್ಕೊಳ್ಳಲ್ಲ, ಅವನಿಗೂ ಊರಲ್ಲಿ ಜಾಗ ಸಿಕ್ಕಿರ್ಲಿಲ್ಲ." ಆಮೇಲೆ ಮುರ್ಮೆಲಿಯ ಬೀಗದ ಕೈ ಇದ್ದ ಖಾಲಿ ಉಂಗುರವನ್ನು ಬೆರಳಿಗೆ ಸುತ್ತುತ್ತಾರೆ. ಉಳಿದ ಕೆಲವು ಮನೆಗಳವರಿಗೂ ಸುದ್ದಿ ಹೋಗಿದೆ, ಅವರೂ ಏಜೆನ್ಸಿಯ ಕಡೆ ನೋಡುತ್ತಿದ್ದಾರೆ.

ಬಸ್ಸು ಬರುತ್ತದೆ. ಮೆಟ್ಟಿಲ ಮೇಲೆ ಕಾಲಿಟ್ಟು, ಚರ್ಚಿನ ಪಕ್ಕದ ಚಾವಣಿಯ ಮೇಲೆ ಏಳುತ್ತಿರುವ ಹೊಗೆಯನ್ನು ನೋಡುತ್ತಾರೆ. ಕಪ್ಪು ಹೊಗೆ, ಹದವಿಲ್ಲದ ಬೆಂಕಿ.

"ಆ ಒಲೆ ಅವರ ಮಾತು ಕೇಳಲ್ಲ. ಒಂದಲ್ಲ ಒಂದಿನ ಕರೀತಾರೆ. ಕರೆದ್ರೆ ಹೋಗ್ತೀನಿ" ಎನ್ನುತ್ತಾರೆ. "ಮನೆ ಏನ್ ತಪ್ಪು ಮಾಡಿದೆ, ಅದ್ಯಾಕೆ ಚಳೀಲಿ ನಡುಗ್ಬೇಕು?"