ಧನಂಜಯಣ್ಣನ ಕಪಾಟಿನಲ್ಲಿ ಇಲ್ಲದ ಇಬ್ಬರು

ಬಾಕ್ಸ್ ಫೈಲ್ ಕೊಳ್ಳಲು ಬರುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ದೋಹಾ ಅಲ್ ಜದೀದಾ ಬಡಾವಣೆಯ ನನ್ನ ಸ್ಟೇಷನರಿ ಅಂಗಡಿಯಿಂದ ವರ್ಷದ ಮೊದಲಿಗೆ ಹೊರಟ ಫೈಲುಗಳು ಬೇಸಗೆಯ ಹೊತ್ತಿಗೆ ಯಾರದೋ ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿಯ ಪಕ್ಕ ಖಾಲಿ ಕೂತಿರುತ್ತವೆ. ಫೈಲು ಕೊಂಡಾಕ್ಷಣ ಅರ್ಧ ಕೆಲಸ ಮುಗಿಯಿತು ಎಂದು ಜನಕ್ಕೆ ಅನಿಸುತ್ತದೆ. ಆ ಅನಿಸಿಕೆಯಿಂದಲೇ ನನ್ನ ಮನೆಯ ಅನ್ನ ಬೇಯುವುದು, ಹಾಗಾಗಿ ದೂರುವುದಿಲ್ಲ. ಧನಂಜಯಣ್ಣ ಮಾತ್ರ ಕೊಂಡದ್ದನ್ನು ತುಂಬಿಸಿ ಮತ್ತೆ ಬರುತ್ತಿದ್ದ ಗಿರಾಕಿ.

ಅವರು ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಊರು ಕಾಪು ಕಡೆ, ಮನೆಮಾತು ತುಳು. ಉಳಿದವರು ಶುಕ್ರವಾರ ವಾಲಿಬಾಲ್ ಆಡುವಾಗ, ಇಸ್ಪೀಟು ಹಾಕುವಾಗ, ಇವರು ಊರಿನ ಮುದುಕ ಮುದುಕಿಯರಿಗೆ ಫೋನು ಹಚ್ಚಿ ‘ನಿಮ್ಮ ಅಮ್ಮನ ತಂಗಿಯನ್ನು ಎಲ್ಲಿಗೆ ಕೊಟ್ಟದ್ದು’ ಎಂದು ಕೇಳುತ್ತಿದ್ದರು. ಕುಟುಂಬದ ಚರಿತ್ರೆ ಬರೆಯುವುದು ಅವರ ಹುಚ್ಚು. ಕುಡಿತಕ್ಕಿಂತ ಅಗ್ಗ, ಜಿಮ್ಮಿಗಿಂತ ಉಪದ್ರ ಕಡಿಮೆ.

ಮೊದಮೊದಲು ಎಲ್ಲ ಅಸ್ತವ್ಯಸ್ತ. ಸಿಕ್ಕಿದ್ದನ್ನೆಲ್ಲ ಸಿಕ್ಕಲ್ಲಿ ಬರೆದಿಟ್ಟದ್ದರಿಂದ ಒಬ್ಬ ದೊಡ್ಡಜ್ಜ ಅವರ ಕಾಗದಗಳಲ್ಲಿ ಮೂರು ಹೆಸರಿನಲ್ಲಿ ಮೂರು ಸಲ ಸತ್ತಿದ್ದರು. ಮೊಬೈಲಿನಲ್ಲಿ ಅಮೆರಿಕದವರ ವೀಡಿಯೊ ನೋಡಿ ಕಲಿಯಲು ಹೋದರೆ ಅವರ ವಂಶವೆಲ್ಲ ಅಪ್ಪನ ಹೆಸರು ಹಿಡಿದು ಮೇಲೆ ಹತ್ತುತ್ತದೆ. ಇವರದು ಅಳಿಯಕಟ್ಟು, ತಾಯಿಯನ್ನು ಹಿಡಿದು ಹತ್ತಬೇಕು. ಕೊನೆಗೆ ತಮ್ಮ ಗೋದಾಮೇ ಗುರು ಎಂದು ತೀರ್ಮಾನಿಸಿದರು. ಅಲ್ಲಿ ಒಂದು ಸಾಮಾನಿಗೆ ಒಂದು ಕಾರ್ಡು, ಇಲ್ಲಿ ಒಬ್ಬ ಮನುಷ್ಯನಿಗೆ ಒಂದು ಕಾರ್ಡು. ಪ್ರತಿ ಸಂಗತಿಯ ಮುಂದೆ ಅದನ್ನು ಹೇಳಿದವರು ಯಾರು ಎಂದು ಬರೆಯಬೇಕು. ಒಬ್ಬರೇ ಹೇಳಿದ್ದಾದರೆ ಪೆನ್ಸಿಲ್ಲು, ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಮಾತ್ರ ಪೆನ್ನು. ಒಂದು ಹೆಸರು ಪೆನ್ನಿಗೆ ಏರಿದ ದಿನ ಅವರು ನನ್ನ ಅಂಗಡಿಗೆ ಬಂದು ಅದನ್ನು ಹೇಳಿ ಹೋಗುತ್ತಿದ್ದರು, ಹೆಣ್ಣು ಗೊತ್ತಾದವರ ಹಾಗೆ.

ಈ ಶಿಸ್ತಿನಲ್ಲಿ ಒಂದೇ ತೊಡಕು. ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಂದ ಮೇಲೆ ಧನಂಜಯಣ್ಣನ ಕುಟುಂಬದ ಫೈಲುಗಳ ಕಪಾಟಿನಲ್ಲಿ ಅವರ ಅಕ್ಕತಂಗಿಯರ ಮೊಮ್ಮಕ್ಕಳವರೆಗೆ ಎಲ್ಲರಿಗೂ ಕಾರ್ಡು ಉಂಟು, ಹೆಂಡತಿ ಲೀಲಾಕ್ಷಿಗೂ ಮಗಳು ಮೋಕ್ಷಾಳಿಗೂ ಇಲ್ಲ. ಲೀಲಾಕ್ಷಿ ಒಮ್ಮೆ ಮಗಳ ಶಾಲೆಗೆ ಚಾರ್ಟು ಕಾಗದ ಕೊಳ್ಳಲು ಬಂದಾಗ ಗಂಡನಿಗೂ ಕೇಳುವ ಹಾಗೆ ನನ್ನ ಹತ್ತಿರ ಹೇಳಿದ್ದು ನೆನಪಿದೆ.

“ಇವರ ಕಪಾಟಿನಲ್ಲಿ ಇವರಜ್ಜಿಯ ತಂಗಿಯ ಮೊಮ್ಮಗಳಿಗೆ ಜಾಗ ಉಂಟು, ಚಾ ಮಾಡಿ ಕೊಡುವವಳಿಗೆ ಇಲ್ಲ.”

“ನಿನ್ನದು ನಿನ್ನ ಕಡೆಯವರು ಬರೀಬೇಕು,” ಎಂದರು ಧನಂಜಯಣ್ಣ. “ಎರಡು ಸೇರಿಸಿದ್ರೆ ಲೆಕ್ಕ ತಪ್ಪುತ್ತದೆ.”

“ನನ್ನ ಕಡೆಯವರು ಅಂದ್ರೆ ಯಾರು? ಸೀನಪ್ಪ ಮಾವ. ಅವರು ಬರೆಯುವುದು ಚಾಕ್‌ಪೀಸಿನಲ್ಲಿ, ಬಟ್ಟೆಯ ಮೇಲೆ.”

ಸೀನಪ್ಪಣ್ಣ ಅಂದರೆ ಲೀಲಾಕ್ಷಿಯ ತಾಯಿಯ ತಮ್ಮ. ನನ್ನ ಅಂಗಡಿಯ ಪಕ್ಕದಲ್ಲೇ ಅವರ ಟೈಲರಿಂಗ್ ಅಂಗಡಿ. ನಡುವೆ ಇರುವುದು ಪ್ಲೈವುಡ್ಡಿನ ಒಂದು ಗೋಡೆ; ಅವರು ಕೆಮ್ಮಿದರೆ ನಾನು ನೀರು ಕುಡಿಯುತ್ತೇನೆ.

ಹೋದ ವರ್ಷ ಲೀಲಾಕ್ಷಿ ಅಡುಗೆಮನೆಯಲ್ಲಿ ಬಿದ್ದಳು. ತಲೆಯೊಳಗಿನ ಒಂದು ರಕ್ತನಾಳ ಉಬ್ಬಿ ಒಡೆದಿತ್ತು. ಆಸ್ಪತ್ರೆಯ ಡಾಕ್ಟರು ಧನಂಜಯಣ್ಣನನ್ನು ಕೂರಿಸಿ ಕೇಳಿದ್ದು ಒಂದು ಸರಳ ಪ್ರಶ್ನೆ: ಇವರ ತಾಯಿಗೆ, ಅಜ್ಜಿಗೆ, ಯಾರಿಗಾದರೂ ಹೀಗೆ ಆಗಿತ್ತೇ? ಇನ್ನೊಬ್ಬರಿಗೆ ಆಗಿದ್ದರೆ ಮಗಳ ತಲೆಯನ್ನೂ ಸ್ಕ್ಯಾನ್ ಮಾಡಿ ನೋಡುವುದು ಒಳ್ಳೆಯದು.

ನಾಲ್ಕು ತಲೆಮಾರಿನ ನೆಂಟರು ಎಲ್ಲಿ ಹುಟ್ಟಿದರು, ಯಾವ ಜ್ವರದಲ್ಲಿ ಹೋದರು ಎಂದು ಬಾಯಿಪಾಠ ಹೇಳುವ ಮನುಷ್ಯ “ಗೊತ್ತಿಲ್ಲ” ಎಂದರು. ಲೀಲಾಕ್ಷಿ ಆ ವಾರವೇ ಹೋದಳು.

ಊರಿಗೆ ಒಯ್ದದ್ದು, ಕಾರ್ಯ ಮುಗಿಸಿದ್ದು, ತಿರುಗಿ ಬಂದದ್ದು ಎಲ್ಲ ಆಯಿತು. ಧನಂಜಯಣ್ಣ ಡ್ಯೂಟಿಗೆ ಹೋದರು, ಮೋಕ್ಷಾ ಶಾಲೆಗೆ ಹೋದಳು. ಅವರ ಮನೆಯಲ್ಲಿ ಅತ್ತದ್ದನ್ನು ನಾನು ನೋಡಿಲ್ಲ. ಒಮ್ಮೆ ಊಟ ಒಯ್ದು ಕೊಟ್ಟಾಗ ಅಪ್ಪ ಮಗಳು ಟಿವಿ ಮುಂದೆ ಕೂತಿದ್ದರು. ಟಿವಿಯಲ್ಲಿ ಯಾವುದೋ ಅರಬ್ಬೀ ಚಾನೆಲಿನ ಹವಾಮಾನ. ಇಬ್ಬರಿಗೂ ಅರಬ್ಬೀ ಬಾರದು. ಬದಲಿಸಬೇಕೆಂದು ಇಬ್ಬರಿಗೂ ತೋರಿರಲಿಲ್ಲ.

ಕಪಾಟಿಗೆ ಅವರು ಕೈ ಹಾಕಲೇ ಇಲ್ಲ. ಡಾಕ್ಟರು ಕೇಳಿದ್ದು ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಉಳಿದಿತ್ತು. ಲೀಲಾಕ್ಷಿಯ ಅಮ್ಮ ಸುಂದರಿ, ಇವಳು ಬಾಲವಾಡಿಗೆ ಹೋಗುವ ಪ್ರಾಯದಲ್ಲಿದ್ದಾಗಲೇ ಬಾವಿಯಲ್ಲಿ ತೀರಿಕೊಂಡವರು. ಅದಕ್ಕಿಂತ ಹೆಚ್ಚು ಲೀಲಾಕ್ಷಿಯೂ ಗಂಡನಿಗೆ ಹೇಳಿರಲಿಲ್ಲ. ಗೊತ್ತಿದ್ದವರಲ್ಲಿ ಬದುಕಿ ಉಳಿದವರು ಸೀನಪ್ಪಣ್ಣ ಒಬ್ಬರೇ. ಅವರೋ ಗಂಟು ಕಟ್ಟುತ್ತಿದ್ದರು. ಸೂಜಿಗೆ ನೂಲು ಪೋಣಿಸಲು ಬೇರೆಯವರನ್ನು ಕೂಗಬೇಕಾದ ಮೇಲೆ ಖಲಾಸ್, ಇನ್ನು ಊರು ಎಂದು ತೀರ್ಮಾನವಾಗಿತ್ತು. ಊರಿಗೆ ಹೋದರೆ ಫೋನು ಎತ್ತುವ ಜಾತಿಯೂ ಅಲ್ಲ.

ಧನಂಜಯಣ್ಣ ಶುಕ್ರವಾರ ಶುಕ್ರವಾರ ಬಂದು ಅವರ ಸ್ಟೂಲಿನ ಮೇಲೆ ಕೂತರು. ಮಾತೆಲ್ಲ ತುಳುವಿನಲ್ಲಿ, ನನಗೂ ಬರುವ ಭಾಷೆ. ನಾನು ಕೇಳಬೇಕೆಂದಲ್ಲ, ಪ್ಲೈವುಡ್ಡು ಕೇಳಿಸದೆ ಬಿಡುವುದಿಲ್ಲ.

“ಮಾವ, ಸುಂದರಿ ಅತ್ತೆ ಹೇಗೆ ತೀರಿದ್ದು?”

“ಬಾವಿಗೆ ಬಿದ್ದು. ಊರಿಗೇ ಗೊತ್ತುಂಟು.”

“ಅದಕ್ಕೆ ಮುಂಚೆ ಆರೋಗ್ಯ ಹೇಗಿತ್ತು ಅಂತ.”

ಸೀನಪ್ಪಣ್ಣನಿಗೆ ಒಂದು ಉಪಾಯವಿತ್ತು. ಬೇಡದ ಪ್ರಶ್ನೆ ಬಂದರೆ ನಾಲ್ಕಾರು ಗುಂಡುಸೂಜಿ ತುಟಿಗಳ ನಡುವೆ ಸಿಕ್ಕಿಸಿಕೊಳ್ಳುವುದು. ಬಾಯಲ್ಲಿ ಸೂಜಿ ಇದ್ದವನನ್ನು ಯಾರು ಮಾತಾಡಿಸುತ್ತಾರೆ? ಬಾಕಿ ಕೇಳಲು ಬಂದವರನ್ನೂ ಅವರು ಹಾಗೆಯೇ ಸಾಗಹಾಕಿದ್ದನ್ನು ಕಂಡಿದ್ದೇನೆ. ಮೂರನೆಯ ಸಲ ಮಾತ್ರ ಸೂಜಿ ತೆಗೆದು ಹೇಳಿದರು.

“ನಿನಗೆ ಎಂತಕ್ಕೆ ಅದು? ನಿನ್ನ ಕಾರ್ಡಿಗಾ? ನಮ್ಮ ಕುಟುಂಬದ ಮರ್ಯಾದೆ ನಿನ್ನ ಕಾರ್ಡಿಗೆ ಬೇಡ. ನಿನ್ನ ಕಡೆಯವರದ್ದು ಬರ್ಕೊ.”

ಅದು ತಾವೇ ಹೆಂಡತಿಗೆ ಕೊಟ್ಟಿದ್ದ ಉತ್ತರ ಎಂದು ಧನಂಜಯಣ್ಣನಿಗೆ ಹೊಳೆಯಿತೋ ಇಲ್ಲವೋ ಗೊತ್ತಿಲ್ಲ. ಎದ್ದು ನನ್ನ ಅಂಗಡಿಗೆ ಬಂದು ಸುಮ್ಮನೆ ಒಂದು ಸ್ಟೇಪ್ಲರನ್ನು ಒತ್ತುತ್ತಾ ನಿಂತರು.

“ಪಿನ್ನು ಖಾಲಿಯಾಗ್ತದೆ ಧನಂಜಯಣ್ಣ,” ಎಂದೆ. “ಮತ್ತೊಂದು ಮಾತು. ಆ ಅಂಗಡಿಯಲ್ಲಿ ನೀವು ಗಿರಾಕಿಯೇ ಅಲ್ಲ. ಮಾಲಿನ ಹಕ್ಕುದಾರಳನ್ನು ಕಳಿಸಿ.”

“ಮೋಕ್ಷಾಳನ್ನಾ? ಡಾಕ್ಟರು ಹೇಳಿದ್ದು ಅವಳಿಗೆ ಹೇಳಿಲ್ಲ ನಾನು. ಹೆದರ್ತಾಳೆ.”

ಆದರೂ ಹೇಳಿದರು, ಮನೆಗೆ ಹೋಗಿ. ಹುಡುಗಿ ಫೋನಿನಿಂದ ತಲೆ ಎತ್ತದೆ “ನಂಗೊತ್ತುಂಟು ಅಪ್ಪ, ಡಾಕ್ಟರು ಹೇಳುವಾಗ ನಾನು ಅಲ್ಲೇ ಚೇರಲ್ಲಿ ಕೂತಿದ್ದೆ,” ಅಂದಳಂತೆ. ಅಷ್ಟು ತಿಂಗಳು ಒಂದೇ ಮಾತನ್ನು ಒಂದೇ ಮನೆಯಲ್ಲಿ ಇಬ್ಬರೂ ಬೇರೆಬೇರೆಯಾಗಿ ಅಡಗಿಸಿ ಇಟ್ಟಿದ್ದರು.

ಮುಂದಿನ ಶುಕ್ರವಾರ ಅಪ್ಪ ಮಗಳು ಒಟ್ಟಿಗೆ ಬಂದರು. ನಾನೂ ಅಂಗಡಿಗೆ ಬಾಗಿಲು ಎಳೆದು ಅವರ ಹಿಂದೆಯೇ ಟೈಲರಿಂಗ್ ಅಂಗಡಿಗೆ ಹೋದೆ. ಚಾ ತರುವ ನೆಪ ಇತ್ತು. ಸೀನಪ್ಪಣ್ಣ ಊರಿಗೆ ಹೋಗುವ ಮುಂಚೆ ಮೊಮ್ಮಗಳಿಗೆ ಒಂದು ಚೂಡಿದಾರ ಹೊಲಿದು ಕೊಡುತ್ತೇನೆಂದು ಹಿಂದೆಯೇ ಹೇಳಿದ್ದರು. ಅವಳನ್ನು ನಿಲ್ಲಿಸಿ ಭುಜಕ್ಕೆ ಟೇಪು ಹಿಡಿದರು.

“ಅಜ್ಜ, ಒಂದು ಕ್ವೆಶ್ಚನ್ ಉಂಟು,” ಎಂದಳು ಮೋಕ್ಷಾ. ಅವಳ ತುಳು ಇಂಗ್ಲಿಷ್ ಶಾಲೆಯ ಯೂನಿಫಾರ್ಮ್ ಹಾಕಿಕೊಂಡೇ ಹೊರಗೆ ಬರುವುದು. “ಅಮ್ಮನ ಅಮ್ಮ ಸುಸೈಡ್ ಅಂತ ಯಾರೋ ಅಮ್ಮನಿಗೆ ಹೇಳಿದ್ರಂತೆ. ನಂಗೆ ಅದು ಬೇಡ. ಅವರಿಗೆ ತಲೆನೋವು ಇತ್ತಾ ಅಂತ ಮಾತ್ರ ಹೇಳಿ.”

ಸೀನಪ್ಪಣ್ಣನ ಕೈ ಸೂಜಿ ಡಬ್ಬಿಯ ಕಡೆ ಹೋಯಿತು.

“ಸೂಜಿ ಬೇಡ ಅಜ್ಜ. ಡಾಕ್ಟರಿಗೆ ಬೇಕು. ನನ್ನ ತಲೆ ನೋಡ್ಲಿಕ್ಕೆ.”

ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಮಿಶನ್ನಿನ ಮುಂದೆ ಕೂತರು. ಧನಂಜಯಣ್ಣ ಬಾಗಿಲ ಬಳಿಯ ಸ್ಟೂಲಿನಲ್ಲಿ. ಬರೆದುಕೊಳ್ಳಲು ಕೈಯಲ್ಲಿ ಏನೂ ತಂದಿರಲಿಲ್ಲ.

“ಇತ್ತು,” ಎಂದರು ಸೀನಪ್ಪಣ್ಣ. “ಆ ವಾರ ಇಡೀ ತಲೆಗೆ ಬಟ್ಟೆ ಬಿಗಿದುಕೊಂಡೇ ಕೆಲಸ ಮಾಡಿದ್ದಾಳೆ ಅಕ್ಕ. ಬೆಳಕು ಕಂಡ್ರೆ ಆಗ್ತಿರಲಿಲ್ಲ. ಭಾವ ಬೊಂಬಾಯಿಂದ ಕಾಗದ ಹಾಕದೆ ತುಂಬ ದಿನ ಆಗಿತ್ತು, ಅದಕ್ಕೇ ಮರುಗುತ್ತಾಳೆ ಅಂತ ಎಲ್ಲರೂ ಹೇಳಿದರು. ನಾನೂ ಹಾಗೇ ತಿಳ್ಕೊಂಡೆ. ಒಂದು ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಅತ್ತು ಅತ್ತು ಊದಿದೆ ಅಂದುಕೊಂಡೆ.”

“ಎಡಗಣ್ಣಾ, ಬಲಗಣ್ಣಾ?” ಧನಂಜಯಣ್ಣ ಕೇಳಿದರು, ಗೋದಾಮಿನಲ್ಲಿ ನಟ್ಟಿನ ಅಳತೆ ಕೇಳುವ ಧ್ವನಿಯಲ್ಲಿ.

“ಬಲ.”

“ಲೀಲಾಕ್ಷಿಯದ್ದು ಎಡ. ಬೀಳುವ ಎರಡು ದಿನ ಮುಂಚೆಯಿಂದ ಇಳಿದಿತ್ತು. ನಿದ್ದೆ ಸಾಕಾಗಿಲ್ಲ ಅಂದಳು. ನಾನು ಮಲಗು ಅಂದೆ.”

ಲೀಲಾಕ್ಷಿಯ ರೆಪ್ಪೆಯ ಸಂಗತಿ ಸೀನಪ್ಪಣ್ಣನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ತಂದ ಚಾ ಕೈಗೆ ಕೊಟ್ಟೆ. ತೆಗೆದುಕೊಂಡರು, ಕುಡಿಯಲಿಲ್ಲ.

“ತುಂಬಿದ ಕೊಡಪಾನ ಬಾವಿಕಟ್ಟೆಯ ಮೇಲಿತ್ತು,” ಎಂದರು ಆಮೇಲೆ. “ನಾನೇ ಮೊದಲು ಕಂಡದ್ದು. ಸಾಯ್ಲಿಕ್ಕೆ ಹೋಗುವವಳು ಮನೆಗೆ ನೀರು ಸೇದಿ ಇಡ್ತಾಳಾ? ಅಂತ ಆಗಲೇ ಅನಿಸಿತ್ತು. ಆದ್ರೆ ನನ್ನನ್ನು ಯಾರು ಕೇಳ್ತಾರೆ? ಹಾರಿದಳು ಅಂದ್ರು. ಊರಲ್ಲಿ ನಮ್ಮ ಮನೆ ಹೆಂಗಸರಿಗೆ ಅದೇ ಒಂದು ಮಾತು. ಲೀಲಾಕ್ಷಿಗೆ ಸಂಬಂಧ ಬರುವಾಗಲೂ ಅದನ್ನು ಮುಚ್ಚಿಯೇ ಇಟ್ಟದ್ದು.” ಚಾದ ಲೋಟವನ್ನು ಮಿಶನ್ನಿನ ಮೇಲಿಟ್ಟರು. “ಹಾಗಾದ್ರೆ ಅಕ್ಕ ಹಾರಿದ್ದಲ್ಲ.”

ಪ್ರಶ್ನೆಯೋ ಅಲ್ಲವೋ ಎಂದು ತಿಳಿಯದ ಹಾಗೆ ಅವರು ಅದನ್ನು ಹೇಳಿದರು. ಅಷ್ಟು ವರ್ಷ ಹೊತ್ತದ್ದು ಅವರ ತಲೆಯಿಂದ ಇಳಿಯಲಿಕ್ಕೆ ಜಾಗ ಹುಡುಕುತ್ತಿತ್ತು. ಇಳಿಯುವ ಜಾಗವೋ ಎದುರಿಗೆ ನಿಂತ ಹುಡುಗಿಯ ತಲೆ. ಅಜ್ಜಿ ಹಾರಿದ್ದಾದರೆ ಮೋಕ್ಷಾ ಮನೆಗೆ ಹೋಗಿ ಪರೀಕ್ಷೆಗೆ ಓದಬಹುದು. ಹಾರಿದ್ದಲ್ಲವಾದರೆ ಡಾಕ್ಟರು ಹೇಳಿದ ಆ ಇನ್ನೊಬ್ಬರು ಸಿಕ್ಕಿದಂತೆ. ನಾನು ಧನಂಜಯಣ್ಣನನ್ನು ನೋಡಿದೆ. ಹೇಳುವವರು ಒಬ್ಬರು, ಅದೂ ಹರೆಯದಲ್ಲಿ ಕಂಡದ್ದು, ಡಾಕ್ಟರ ಚೀಟಿ ಇಲ್ಲ. ಅವರ ಶಿಸ್ತಿನ ಪ್ರಕಾರ ಇದು ಪೆನ್ಸಿಲ್ಲಿಗೂ ತಿಣುಕುವ ಸಂಗತಿ.

“ಅಲ್ಲ ಮಾವ,” ಎಂದರು ಧನಂಜಯಣ್ಣ. “ಹಾರಿದ್ದಲ್ಲ. ತಲೆ ಸಿಡಿದು ಬಿದ್ದದ್ದು.”

ಸೀನಪ್ಪಣ್ಣ ತಲೆ ಆಡಿಸಿದರು. ತುಂಬ ಹೊತ್ತು ಆಡಿಸುತ್ತಲೇ ಇದ್ದರು. ಆಮೇಲೆ ಎದ್ದು ಮೋಕ್ಷಾಳನ್ನು ಹತ್ತಿರ ಕರೆದು, ಬಿಟ್ಟಲ್ಲಿಂದ ಅಳತೆ ಶುರು ಮಾಡಿದರು. ತೋಳು, ಎದೆ, ಸೊಂಟ. ಅಳೆಯುತ್ತಾ ಅಕ್ಕನ ವಿಷಯ ಹೇಳಿದರು: ಬೆಲ್ಲ ಕದ್ದು ತಿಂದು ತಮ್ಮನ ಮೇಲೆ ಹೊರಿಸುತ್ತಿದ್ದದ್ದು, ಕಬಡ್ಡಿ ಆಡುವ ಹುಡುಗರನ್ನು ಬೇಲಿಯ ಮೇಲೆ ಕೂತು ಬೈಯುತ್ತಿದ್ದದ್ದು. ಮೋಕ್ಷಾ ಫೋನಿನಲ್ಲಿ ರೆಕಾರ್ಡಿಗೆ ಹಾಕಿದಳು. ಹೆಸರು, ಇಸವಿ ಒಂದೂ ಇಲ್ಲ. ಅವರ ಅಜ್ಜಿಯ ಹೆಸರು ಕೇಳಿದರೆ “ಅಜ್ಜಿಯನ್ನು ಅಜ್ಜಿ ಅನ್ನದೆ ಹೆಸರು ಹಿಡಿದು ಯಾರು ಕರೀತಾರೆ ಮಗಾ?” ಎಂದರು. ಧನಂಜಯಣ್ಣ ತಿದ್ದಲು ಹೋಗಲಿಲ್ಲ.

ಸ್ಕ್ಯಾನಿಗೆ ಡಾಕ್ಟರು ಬರೆದುಕೊಟ್ಟರು. ದಿನ ಸಿಗುವಷ್ಟರಲ್ಲಿ ಸೀನಪ್ಪಣ್ಣ ಊರಿಗೆ ಹೋಗಿಯಾಗಿತ್ತು. ಪಕ್ಕದ ಅಂಗಡಿಗೆ ಒಬ್ಬ ಮೊಬೈಲ್ ರಿಪೇರಿಯವನು ಬಂದ. ಅವನು ಇಡೀ ದಿನ ಹಾಡು ಹಾಕುತ್ತಾನೆ. ಪ್ಲೈವುಡ್ಡಿನಿಂದ ಈಗ ಲಾಭವಿಲ್ಲ.

ಕಾಯುವ ಆ ವಾರಗಳಲ್ಲಿ ಮೋಕ್ಷಾ ಬಂದು ಒಂದು ಬಾಕ್ಸ್ ಫೈಲು ಕೊಂಡಳು, ಹಸಿರು. ಅಪ್ಪ ಒಯ್ಯುವಂಥ ಕಾರ್ಡುಗಳೂ ಬೇಕಾ ಎಂದು ಕೇಳಿದೆ. ಬೇಡ ಎಂದಳು. ಮನೆಯಲ್ಲಿ ಅವಳು ಅಮ್ಮನ ಕುಟುಂಬ ಬರೆಯಲು ಕೂತಿದ್ದಾಳೆ, ಬುಡದಲ್ಲಿ ತಾನು, ಮೇಲೆ ಲೀಲಾಕ್ಷಿ, ಮೇಲೆ ಸುಂದರಿ, ಮೇಲೆ ಸುಂದರಿಯ ಅಮ್ಮ, ಅದರ ಮೇಲೆ ಹೆಸರಿಲ್ಲದೆ ‘ಅಜ್ಜಿ’. ಅಪ್ಪನನ್ನು ಎಲ್ಲಿ ಹಾಕಿದ್ದೀ ಎಂದೆ.

“ಅಪ್ಪ ಬೇರೆ ಕುಟುಂಬ ಅಲ್ವಾ ಅಂಕಲ್? ರಿಮಾರ್ಕ್ಸಲ್ಲಿ ಹಾಕಿದ್ದೇನೆ.”

ಧನಂಜಯಣ್ಣನಿಗೆ ಇದನ್ನು ಹೇಳಿದಾಗ “ಸರಿ ಉಂಟು” ಎಂದರು. ನಗುತ್ತಾರೆಂದು ಕಾದೆ. ಇಲ್ಲ.

ಸ್ಕ್ಯಾನಿನ ವರದಿ ಬಂದ ಸಂಜೆ ಅವರು ಕಾರು ಹೊರಗೆ ನಿಲ್ಲಿಸಿ ಒಳಗೆ ಬಂದರು. ಕೌಂಟರಿನ ಮೇಲೆ ಎರಡೂ ಕೈ ಊರಿದರು.

“ಏನೂ ಇಲ್ಲವಂತೆ. ಕ್ಲೀನ್. ಐದು ವರ್ಷ ಬಿಟ್ಟು ಮತ್ತೊಮ್ಮೆ ತೋರಿಸಿ ಅಂದರು.”

“ಮೋಕ್ಷಾ ಏನಂದಳು?”

“ಹಸಿವೆ ಅಂದಳು.”

“ಸೀನಪ್ಪಣ್ಣನಿಗೆ?”

“ಫೋನ್ ಮಾಡಿದೆ. ಆಶ್ಚರ್ಯ, ಎತ್ತಿದರು. ಹುಡುಗಿಯ ವಿಷಯ ಕೇಳಿ ಆಮೇಲೆ ಎಂತ ಹೇಳಿದರು ಗೊತ್ತುಂಟಾ? ಮನೆಯವರನ್ನೆಲ್ಲ ಕರೆದು ಹೇಳಿದ್ದಾರಂತೆ, ಅಕ್ಕ ಹಾರಿದ್ದಲ್ಲ, ದೋಹಾದ ಡಾಕ್ಟರು ಹೇಳಿದ್ದಾರೆ ಅಂತ.”

“ಡಾಕ್ಟರು ಹೇಳಲಿಲ್ಲವಲ್ಲ. ನೀವು ಹೇಳಿದ್ದು.”

“ಇರಲಿ,” ಎಂದರು ಧನಂಜಯಣ್ಣ.

“ನಿಮಗೆ ಖುಷಿಯಾಯಿತಾ?”

ಅವರು ನಿಜವಾಗಿ ಯೋಚಿಸಿದರು, ಗೋದಾಮಿನ ಒಳಗೆ ಹೋಗಿ ಗೂಡು ಗೂಡು ನೋಡಿ ಬಂದವರ ಹಾಗೆ.

“ಆಗಬೇಕಿತ್ತು,” ಎಂದರು. “ಇನ್ನೂ ಆಗಲಿಲ್ಲ.”

ಹೊರಗೆ ಮೋಕ್ಷಾ ಕಾರಿನ ಗಾಜು ಇಳಿಸಿ “ಅಪ್ಪ, ಯಲ್ಲಾ, ಬೇಗ,” ಎಂದು ಕೂಗಿದಳು. ಪರೋಟ ಅಂಗಡಿಯಲ್ಲಿ ರಶ್ ಆಗುವ ಮುಂಚೆ ಹೋಗಬೇಕಂತೆ. ಧನಂಜಯಣ್ಣ ಕೀ ತೆಗೆದುಕೊಂಡು ಹೊರಟರು.