ಅಂಟುವಾಳದಲ್ಲಿ ತೊಳೆದ ನಾಣ್ಯ

ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಚಿನ್ನ ತೊಳೆಯುವವಳು ನಾನೇ. ಇಂಗ್ಲೆಂಡಿನ ಬ್ರೂಮ್‌ಹಿಲ್‌ಗೆ ಬಂದಾಗಿನಿಂದಲೂ ಆ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟವಳಲ್ಲ. ಅಂಟುವಾಳಕಾಯಿ ನೆನೆಸಿದ ನೀರು, ಒಂದು ಹಳೇ ಟೂತ್‌ಬ್ರಷ್, ಅಷ್ಟೇ. ವಾರವೆಲ್ಲ ಜಿಪಿ ಡಾಕ್ಟರಾಗಿ ಊರಿನವರ ಕಿವಿ, ಗಂಟಲು ನೋಡುವವಳಿಗೆ ಬಳೆ, ಸರ ಉಜ್ಜುವುದೇನು ಬ್ರಹ್ಮವಿದ್ಯೆಯೇ?

ಆ ವರ್ಷ ಬೀರುವಿನಲ್ಲಿ ಒಂದು ಹೊಸ ಮರದ ಡಬ್ಬಿ ಸಿಕ್ಕಿತು. ಒಳಗೆ ಪ್ಲಾಸ್ಟಿಕ್ ಕವಚದಲ್ಲಿ ಒಂದು ಚಿನ್ನದ ನಾಣ್ಯ. ಅದರ ಮೇಲೆ ಜೋಡಿದೋಣಿ, ಹಾಯಿ, ನಕ್ಷತ್ರಗಳು. ಹಿಂದಿನ ಕಾಲದಲ್ಲಿ ನಕ್ಷತ್ರ ನೋಡಿಕೊಂಡೇ ಪೆಸಿಫಿಕ್ ಸಾಗರ ದಾಟಿದವರ ನೆನಪಿಗೆ ಹೊರತಂದದ್ದು ಎಂದು ಜೊತೆಗಿದ್ದ ಕಾಗದದಲ್ಲಿತ್ತು. ಯಜಮಾನರು ಪೂಜೆಗೆಂದೇ ತಂದಿದ್ದಾರೆ, ಅಬ್ಬ, ಎಂಥ ಒಳ್ಳೆ ಬುದ್ಧಿ ಬಂತು ಅಂದುಕೊಂಡೆ. ಕವಚ ಬಿಚ್ಚಿ, ಚೆನ್ನಾಗಿ ಉಜ್ಜಿ, ಅರಿಶಿನ ಕುಂಕುಮ ಇಟ್ಟು ಕಳಶದ ಮುಂದೆ ಕೂರಿಸಿದೆ.

ಸ್ನಾನ ಮುಗಿಸಿ ಬಂದ ಯಜಮಾನರು ಹಾಗೇ ನಿಂತುಬಿಟ್ಟರು.

"ಅಯ್ಯೋ, ಏನೇ ಮಾಡ್ದೆ! ಅದು ಸಂಗ್ರಹಕ್ಕೆ ಇಡೋ ನಾಣ್ಯ, ಬೆರಳಲ್ಲೂ ಮುಟ್ಟಬಾರದು ಕಣೇ, ಗೀರು ಬಿದ್ರೆ ಬೆಲೆನೇ ಹೋಗುತ್ತೆ! ಮಗಳಿಗೆ ಕೊಡೋಣ ಅಂತ ತರಿಸಿದ್ದು!"

ಮಗಳು ಮ್ಯಾಂಚೆಸ್ಟರ್‌ನ ಆಸ್ಪತ್ರೆಯ ಕೆಲಸ ಬಿಟ್ಟು ಮರುದಿನವೇ ನ್ಯೂಜಿಲೆಂಡಿಗೆ ಹೊರಡುವವಳಿದ್ದಳು. ಅಷ್ಟು ದೂರ ಯಾಕೆ ಎಂದು ನಾನು ತಿಂಗಳುಗಟ್ಟಲೆ ಜಗಳವಾಡಿದ್ದಕ್ಕೆ ಅವಳು ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಹಬ್ಬಕ್ಕೆ ಬರಲು ಒಪ್ಪಿದ್ದೂ ಅಪ್ಪನ ಬಲವಂತಕ್ಕೆ. ಈಗ ಅಮ್ಮ ಬೇಕೆಂದೇ ಕೆಡಿಸಿದಳು ಅಂದುಕೊಂಡರೆ?

ಕನ್ನಡಿಯಂತೆ ಹೊಳೆಯುತ್ತಿದ್ದ ನಾಣ್ಯದ ತುಂಬ ಈಗ ಬ್ರಷ್ಷಿನ ಗೀರು. ಹಾಯಿಯ ಮಡಿಕೆಗಳಲ್ಲಿ ಕುಂಕುಮ ಕೂತುಬಿಟ್ಟಿತ್ತು.

ಮಧ್ಯಾಹ್ನ ಅವಳು ಬಂದಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ಅಪ್ಪ ನಿಂಗೆ ಅಂತ ತರಿಸಿದ್ರು ಪುಟ್ಟಿ, ನಂಗೆ ಗೊತ್ತಿರ್ಲಿಲ್ಲ. ಟೂತ್‌ಬ್ರಷ್‌ನಲ್ಲಿ ಉಜ್ಜಿಬಿಟ್ಟೆ. ತಪ್ಪು ನಂದೇ" ಅಂದೆ.

"ಅಮ್ಮ! ಯೂ ಸ್ಕ್ರಬ್ಡ್ ಇಟ್?" ಎಂದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

ಯಜಮಾನರು ಮುಖ ಗಂಟಿಕ್ಕಿಕೊಂಡೇ ಇದ್ದರು. "ಆ ಕುಂಕುಮನಾದ್ರೂ ತೆಗೀತೀನಿ ಇರು" ಎಂದು ಹತ್ತಿ ಹುಡುಕಲು ಹೊರಟರು.

"ನೋ, ಅಪ್ಪ. ಲೀವ್ ಇಟ್. ಬಾಕ್ಸ್ ನೀವೇ ಇಟ್ಕೊಳ್ಳಿ" ಎಂದು ಅವಳು ನಾಣ್ಯವನ್ನು ಪರ್ಸಿಗೆ ಹಾಕಿಕೊಂಡಳು. ಆಮೇಲೆ ನನ್ನ ಮುಂದೆ ಬಂದು ಹಣೆ ಒಡ್ಡಿದಳು.

"ನಂಗೂ ಇಡಮ್ಮ."

ಕುಂಕುಮ ಇಟ್ಟೆ. ಅಷ್ಟು ತಿಂಗಳು ಹಟಕ್ಕೆ ಬಿದ್ದು ಹೇಳದೆ ಉಳಿಸಿಕೊಂಡಿದ್ದನ್ನು ಕೊನೆಗೂ ಹೇಳಿದೆ: "ಹೋಗಿ ಬಾ, ಮಗಳೇ."