ಗೋಡೆಯ ಮೇಲಿನ ಪಟ್ಟಿ, ಮುನೆಮ್ಮನ ಫೋಟೋ

ನಾನು ಪುಕ್ಕಲ ಅಂತ ಕಳೆದ ಸೋಮವಾರ ಗೊತ್ತಾಯಿತು. (ಮನೆಯವರಿಗೆ ಮೊದಲೇ ಗೊತ್ತಿತ್ತು.)

ಮುಳಬಾಗಿಲಿನ ಒಂದು ಸರ್ಕಾರಿ ಕಚೇರಿ. ಹೊರಗೋಡೆಯ ಮೇಲೆ, ರಸ್ತೆಯಲ್ಲಿ ಹೋಗುವವರಿಗೂ ಕಾಣುವ ಹಾಗೆ, ಅಂಗನವಾಡಿ ಸಹಾಯಕಿಯರ ಆಯ್ಕೆ ಪಟ್ಟಿ ಅಂಟಿಸಿದ್ದರು. ಅದರಲ್ಲಿ ತಪ್ಪಿದ್ದರೆ ತಿದ್ದಿಸಲು ಅವತ್ತು ಸಂಜೆಯೊಳಗೆ ಅರ್ಜಿ ಕೊಡಬೇಕು. ಕೆಲಸಕ್ಕೆ ಅರ್ಜಿ ಹಾಕಿದ್ದ ತಂಗಿಗೆ ಕಳಿಸೋಣ ಅಂತ ಫೋನ್ ಎತ್ತಿದೆ.

"ಸಾರ್, ಫೋಟೋ ತೆಗಿಯಂಗಿಲ್ಲ," ಬಾಗಿಲಲ್ಲಿದ್ದ ಜವಾನರು ಕೂತಲ್ಲಿಂದಲೇ ಅಂದರು.

ಫೋನ್ ಜೇಬಿಗೆ ಹೋಯಿತು. ಸಾಲದ್ದಕ್ಕೆ "ಸಾರಿ ಸಾರ್" ಅಂದೆ. ಯಾಕೆ ಸಾರಿ? ಇವತ್ತಿಗೂ ಗೊತ್ತಿಲ್ಲ.

ಪಕ್ಕದಲ್ಲಿ ಮುನೆಮ್ಮ ಅಂತ ಒಬ್ಬ ಅಜ್ಜಿ. ಆಂಧ್ರದ ಗಡಿಯ ಹಳ್ಳಿಯವರು, ಆಗಲೇ ನನ್ನ ಜೊತೆ ಮಾತಿಗಿಳಿದಿದ್ದರು. ಸೊಸೆ ಹಸಿ ಬಾಣಂತಿ, ಬಸ್ಸು ಹತ್ತುವಂತಿಲ್ಲ. ಈ ಕೆಲಸದ ಮೇಲೇ ಮನೆಯವರ ಆಸೆಯೆಲ್ಲ. ಎಲ್ಲಿ ಒತ್ತಬೇಕು ಅಂತ ಮೂರು ಸಲ ಹೇಳಿಕೊಟ್ಟು, ತನ್ನ ಫೋನ್ ಕೊಟ್ಟು ಅತ್ತೆಯನ್ನು ಕಳಿಸಿದ್ದಾಳೆ.

ಅಜ್ಜಿ ಫೋನ್ ಎತ್ತಿದರು.

"ಏನಮ್ಮಾ, ಹೇಳಿದ್ದು ಕೇಳಿಸ್ಲಿಲ್ವಾ? ಫೋಟೋ ನಿಷೇಧ."

"ಯಾಡ ರಾಸುಂದಿ ನಾಯ್ನಾ? ಎಲ್ಲಿ ಬರ್ದೈತೆ? ನಂಗೆ ಓದಕ್ ಬರಲ್ಲ, ನೀನೇ ಓದಿ ಹೇಳಪ್ಪಾ."

ಜವಾನರು ಎದ್ದು ಬಂದರು. ಗೋಡೆ ಹುಡುಕಿದರು, ಬಾಗಿಲು ಹುಡುಕಿದರು. 'ಇಲ್ಲಿ ಉಗುಳಬೇಡಿ' ಅಂತ ಇತ್ತು. ಫೋಟೋದ ಸುದ್ದಿಯೇ ಇರಲಿಲ್ಲ.

"ನಂಗಿಂತ ಮುಂಚೆ ಇದ್ದೋರು ಹಂಗೇ ಹೇಳ್ತಿದ್ರಮ್ಮ," ಅಂತ ತಲೆ ಕೆರೆದುಕೊಂಡರು.

"ಜನ ನೋಡ್ಲಿ ಅಂತ ತಾನೆ ಅಂಟ್ಸಿರೋದು? ನನ್ನ ಸೊಸೆ ಜನ ಅಲ್ವಾ?"

ಅಜ್ಜಿ ಹೇಳಿದ್ದು ಸರಿಯೇ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯಲೇಬಾರದು ಅನ್ನುವ ಕಾನೂನು ನಮ್ಮಲ್ಲಿಲ್ಲ. (ಮಿಲಿಟರಿ ಜಾಗ, ಇನ್ನೊಬ್ಬರ ಮಾನ ಕಳೆಯುವ ಫೋಟೋ, ಅವು ಬೇರೆ ಮಾತು.) ಇಲ್ಲದ ಕಾನೂನಿಗೆ ನಾವು ಎಷ್ಟು ಚೆನ್ನಾಗಿ ತಲೆಬಾಗುತ್ತೇವೆ, ನೋಡಿ.

ಜವಾನರು ಕೆಟ್ಟವರಲ್ಲ. ಮೊದಲ ಫೋಟೋದಲ್ಲಿ ಬರೀ ಅಜ್ಜಿಯ ಹೆಬ್ಬೆರಳು ಬಂದಾಗ, "ಕೊಡಮ್ಮ ಇಲ್ಲಿ" ಅಂತ ತಾವೇ ತೆಗೆದು ಅಜ್ಜಿಯ ಮಗನ ಫೋನಿಗೆ ಕಳಿಸಿಕೊಟ್ಟರು. ಐದೇ ನಿಮಿಷ. ಸೊಸೆಯ ಕಾಲ್ ಬಂತು: "ಅತ್ತೆ, ಹೆಸರು ಐತೆ. ಹುಟ್ಟಿದ ವರ್ಷ ತಪ್ಪು ಹಾಕವ್ರೆ."

ನಾನು ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿದ್ದರೂ ಆ ತಪ್ಪು ಅಜ್ಜಿಗಾಗಲಿ ನನಗಾಗಲಿ ಗೊತ್ತಾಗುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಮಗ ಸೊಸೆಯ ಸಹಿ ಇದ್ದ ಅರ್ಜಿ ತಂದ, ಸೀಲೂ ಬಿತ್ತು. ನನಗೇ ಕೆಲಸ ಸಿಕ್ಕಷ್ಟು ಖುಷಿಯಾಯಿತು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಪಟ್ಟಿಯ ಫೋಟೋ ತೆಗೆದಿದ್ದರು. ಅವರ ಹಿಂದೆಯೇ ನಾನೂ ಒಂದು ತೆಗೆದುಕೊಂಡೆ.

ಓದಲು ಬಾರದ ಮುನೆಮ್ಮ ಕೇಳಿದ ಪ್ರಶ್ನೆ, ಎರಡು ಡಿಗ್ರಿ ಓದಿದ ನನ್ನ ಬಾಯಿಗೆ ಯಾಕೆ ಬರಲಿಲ್ಲ?